ನಮ್ಮ ಟರ್ಬೊ ಮತ್ತು ಮಾವನವರ ಕೈ

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಕಾರನ್ನು ಎರಡು ವರ್ಷ ಓಡಿಸಿದ ಮೇಲೂ ಅದರೊಳಗೆ ಟರ್ಬೊ ಎಂಬ ವಸ್ತು ನಿಜವಾಗಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಡಿಕ್ಕಿಯ ಮೇಲೆ ಹಾಗೆಂದು ಬರೆದಿತ್ತು, ಒಪ್ಪುತ್ತೇನೆ. ಆದರೆ ಲಾರಿಗಳ ಮೇಲೆ ‘ಪವನಪುತ್ರ’ ಎಂದು ಬರೆದಿರುತ್ತದೆ. ಅದನ್ನು ಓದಿ ಯಾರೂ ಬಾನೆಟ್ ಎತ್ತಿ ಹನುಮಪ್ಪನನ್ನು ಹುಡುಕುವುದಿಲ್ಲವಲ್ಲ. ಇದೂ ಅಂಥದೇ ಒಂದು ಹುಮ್ಮಸ್ಸಿನ ಬರಹವೆಂದು ತಿಳಿದಿದ್ದೆ. ಮೇಲಾಗಿ ಅದರ ನಡುವಿನ ಇಂಗ್ಲಿಷ್ ‘ಆರ್’ ಅಕ್ಷರ ಯಾವಾಗಲೋ ಉದುರಿಹೋಗಿ, ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯವರೆಲ್ಲ ಕಾರನ್ನು ‘ಟುಬೊ’ ಎಂದೇ ಕರೆಯುತ್ತಿದ್ದರು. ಟುಬೊ ಎಂಬ ಹೆಸರಿನ ಗಾಡಿಯ ಸಾಮರ್ಥ್ಯದ ಬಗ್ಗೆ ಯಾರಿಗೆ ತಾನೆ ಗೌರವ ಬಂದೀತು?

ನಾನು ವಿದ್ಯಾನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕಪ್ಪೆಯ ಹೊಟ್ಟೆಯಲ್ಲಿ ಏನು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ ದಿನಾ ಕೂತು ಹೋಗುವ ಕಾರಿನ ಹೊಟ್ಟೆಯ ಬಗ್ಗೆ ಒಂದು ದಿನವೂ ಕುತೂಹಲ ಹುಟ್ಟಲಿಲ್ಲ. ಕಾರು ನನ್ನ ಆಯ್ಕೆಯೂ ಆಗಿರಲಿಲ್ಲ. ೨೦೦೧ರಲ್ಲಿ ನನ್ನ ಗಂಡ ಶಿವಾನಂದ ಅದನ್ನು ದುರ್ಗದಬೈಲಿನ ಅರಿವೆ ವ್ಯಾಪಾರಿಯೊಬ್ಬರಿಂದ ಕೊಂಡುತಂದರು. ಆಗಲೇ ಅದು ಹಳೆಯ ಡೀಸೆಲ್ ಗಾಡಿ. ಆರು ತಿಂಗಳು ಕಳೆಯುವುದರೊಳಗೆ ಅವರ ಬ್ಯಾಂಕು ಅವರನ್ನು ರಾಯಚೂರಿಗೆ ವರ್ಗ ಮಾಡಿತು. ಅವರು ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಬಂದುಹೋಗುವವರಾದರು. ಕಾರು ನನ್ನ ಪಾಲಿಗೆ ಬಂತು.

ನನ್ನ ಪಾಲಿಗೆ ಬಂದ ಇನ್ನೊಬ್ಬರು ನನ್ನ ಮಾವ, ಚನ್ನಬಸಪ್ಪನವರು. ರೈಲ್ವೆಯಿಂದ ನಿವೃತ್ತರಾದ ಕೆಲವು ವರ್ಷಕ್ಕೆ ಅವರ ಕೈ ನಡುಗತೊಡಗಿತ್ತು. ಡಾಕ್ಟರು ಪರೀಕ್ಷಿಸಿ, ಇದು ವಯಸ್ಸಿನ ನಡುಕ, ಜೀವಕ್ಕೇನೂ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದಿದ್ದರು. ಮಾವ ಅದನ್ನು ಕೇಳಿಸಿಕೊಂಡು ಮನೆಗೆ ಬಂದವರು ಹೊರಗೆ ಹೋಗುವುದನ್ನೇ ಬಿಟ್ಟರು. ಸಂಜೆ ಬಸವಣ್ಣನ ಗುಡಿಯ ಕಟ್ಟೆಗೆ ಸೇರುವ ಹಳೆಯ ಜೊತೆಗಾರರು ಬಂದು ಕರೆದರೆ ಮೊಣಕಾಲು ನೋವೆಂದು ಹೇಳಿ ಕಳಿಸುತ್ತಿದ್ದರು. ಎಲ್ಲರ ಜೊತೆ ಕೂತು ಚಹಾ ಕುಡಿಯುತ್ತಿರಲಿಲ್ಲ. ಲೋಟವನ್ನು ತಮ್ಮ ಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಅತ್ತೆ ತೀರಿಕೊಂಡಾಗಿನಿಂದ ಕಡಿಮೆಯಾಗಿದ್ದ ಮಾತು ಈಗ ‘ಊಟಾ ಆತೇನ?’, ‘ನೀರ ಬಂದಾವೇನ?’ ಎಂಬಲ್ಲಿಗೆ ಬಂದು ನಿಂತಿತ್ತು. ನಮ್ಮ ಓಣಿಗೆ ನೀರು ವಾರಕ್ಕೊಮ್ಮೆ ಬರುತ್ತಿದ್ದ ಕಾಲ ಅದು. ಹೀಗಾಗಿ ಎರಡನೆಯ ಪ್ರಶ್ನೆಗೆ ನನ್ನ ಉತ್ತರವೂ ಬಹುಪಾಲು ಒಂದೇ ಆಗಿರುತ್ತಿತ್ತು.

೨೦೦೩ರ ಬೇಸಿಗೆಯಲ್ಲಿ, ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಹೋಗುತ್ತಿದ್ದಾಗ, ನವಲೂರಿನ ಏರಿನಲ್ಲಿ ಕಾರಿನ ಕಸುವು ಉಡುಗಿತು. ತುಳಿದಷ್ಟೂ ಸದ್ದು ಏರಿತೇ ಹೊರತು ಗಾಡಿ ಏರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಕಾಣದಷ್ಟು ನೀಲಿ ಹೊಗೆ. ಮೇವಿನ ಹೊರೆ ಹೇರಿದ ಟ್ರ್ಯಾಕ್ಟರೊಂದು ನನ್ನನ್ನು ದಾಟಿ ಮುಂದೆ ಹೋಯಿತು. ಹೊರೆಯ ಮೇಲೆ ಕೂತಿದ್ದ ಹೆಂಗಸು ನನ್ನನ್ನು ನೋಡಿದ ನೋಟದಲ್ಲಿ ಅಣಕವಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು.

ಹೇಗೋ ಮನೆ ಮುಟ್ಟಿ ಮೆಕ್ಯಾನಿಕ್ ಮಲ್ಲೇಶಿಯನ್ನು ಕರೆಸಿದೆ. ಅವನು ಬಾನೆಟ್ ಎತ್ತಿ, ಟರ್ಬೊ ಕೆಟ್ಟಿದೆ ಎಂದ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಆ ದಂಡ ಕೂತಿರುವ ಬುಷ್ ಸವೆದು ಆಯಿಲ್ ಗಾಳಿಯ ದಾರಿಗೆ ಸೋರುತ್ತಿದೆ ಎಂದು ನನಗೆ ತಿಳಿಯುವಂತೆ ವಿವರಿಸಿದ. ಈ ಮಾದರಿಯ ಕಾರು ಬರುವುದು ನಿಂತುಹೋಗಿದೆ, ಹೊಸ ಟರ್ಬೊ ಸಿಗುವುದು ಕಷ್ಟ. ಅದನ್ನು ಕಿತ್ತುಹಾಕಿ ನೇರವಾಗಿ ಒಂದು ಪೈಪು ಕೂಡಿಸಿದರೆ ಗಾಡಿ ಊರೊಳಗೆ ಓಡಾಡಿಕೊಂಡು ಇರುತ್ತದೆ ಎಂದ. ನಾನು ಆಗಲಿ ಎನ್ನುವುದರಲ್ಲಿದ್ದೆ.

ಅಷ್ಟರಲ್ಲಿ ಮಾವ ಕೋಣೆಯಿಂದ ಹೊರಗೆ ಬಂದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾನೆಟ್ಟಿನೊಳಗೆ ಬಾಗಿ ಬಹಳ ಹೊತ್ತು ನೋಡಿದರು.

“ಅರ್ಧಾ ಉಸರ ಕಟ್ಟಿ ಮನಷ್ಯಾನ್ನ ಓಡ ಅಂದಂಗ ಆಗತೈತಿ,” ಎಂದರು. “ಕೀಳೂದ ಬ್ಯಾಡ. ರಿಪೇರಿ ಮಾಡೂಣು.”

ಇಷ್ಟು ಸಣ್ಣ ಟರ್ಬೊ ಬಿಚ್ಚಿ ಕೂಡಿಸುವುದು ತನ್ನ ಕೈಲಿ ಆಗದ ಕೆಲಸವೆಂದು ಮಲ್ಲೇಶಿ ಮರ್ಯಾದೆಯಿಂದಲೇ ಹೇಳಿದ. ಆಗ ಮಾವ ಹೇಳಿದ್ದನ್ನು ಕೇಳಿ ಅವನಿಗಿಂತ ಹೆಚ್ಚು ಬೆರಗಾದವಳು ನಾನು. ಅವರು ಕೆಲಸ ಮಾಡುತ್ತಿದ್ದುದು ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ. ರೈಲು ಎಂಜಿನ್ನಿಗೂ ಟರ್ಬೊ ಇರುತ್ತದೆ. ಅದನ್ನು ಇಳಿಸಿ, ಬಿಚ್ಚಿ, ತೊಳೆದು, ಮತ್ತೆ ಕೂಡಿಸುವುದನ್ನೇ ಅವರು ಇಪ್ಪತ್ತು ವರ್ಷ ಮಾಡಿದ್ದರು. ಅಲ್ಲಿಯದು ಎಮ್ಮೆಯ ಕರುವಿನಷ್ಟು ಇರುತ್ತಿತ್ತಂತೆ, ಇದು ತೆಂಗಿನಕಾಯಿಯಷ್ಟು, ತತ್ವ ಒಂದೇ. ಮದುವೆಯಾಗಿ ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದರೂ ನನಗೆ ಗೊತ್ತಿದ್ದುದು ‘ಮಾವ ರೈಲ್ವೆಯಲ್ಲಿದ್ದರು’ ಎಂಬಷ್ಟೇ. ಕಾರಿನ ವಿಷಯದಲ್ಲಿ ಎರಡೇ ವರ್ಷದ ಅಜ್ಞಾನ, ಅದನ್ನಾದರೂ ಕ್ಷಮಿಸಬಹುದು.

ಮಲ್ಲೇಶಿ ಹೋದ ಮೇಲೆ ಮಾವ ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ತಂದು, ಅವನ್ನೇ ನೋಡುತ್ತ ನಿಂತರು.

“ತಲ್ಯಾಗ ಎಲ್ಲಾ ಐತಿ, ಶೈಲಾ. ಕೈ ನಿಂದು ಬೇಕು.”

ಹದಿನೈದು ವರ್ಷ ಜಿರಳೆಯ ಬಾಯಿಯ ಭಾಗಗಳನ್ನು ಒಂದೊಂದಾಗಿ ಬಿಡಿಸಿ ಗಾಜಿನ ಮೇಲೆ ಹರಡಿದ ಕೈ ನನ್ನದು. ನಡುಗದ ಕೈಯೊಂದನ್ನು ಬಿಟ್ಟರೆ ಈ ಕೆಲಸಕ್ಕೆ ಬೇರೆ ಯಾವ ಅರ್ಹತೆಯೂ ನನಗಿರಲಿಲ್ಲ. ಮಲ್ಲೇಶಿ ಮರುದಿನ ಬಂದು ಟರ್ಬೊ ಇಳಿಸಿಕೊಟ್ಟ, ಬುಷ್ ಮತ್ತು ರಿಂಗುಗಳ ಕಿಟ್ಟನ್ನು ಪುಣೆಯಿಂದ ತರಿಸುವುದಾಗಿ ಹೇಳಿದ. ನಾವು ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಟರ್ಬೊ ಇಟ್ಟುಕೊಂಡು ಕೂತೆವು. ನಾನು ಕೆಳಗೆ, ನನ್ನ ಡಿಸೆಕ್ಷನ್ ಪೆಟ್ಟಿಗೆಯ ಚಿಮಟ, ಸೂಜಿಗಳ ಜೊತೆಗೆ. ಮಾವ ಕುರ್ಚಿಯ ಮೇಲೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸಲು ಅಪ್ಪಣೆ ಕೊಡಿ. ಟರ್ಬೊ ಎನ್ನುವುದು ಒಂದು ಜಾತಿಯ ಸಮುದ್ರದ ಬಸವನಹುಳುವಿನ ಹೆಸರೂ ಹೌದು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ಬುಗುರಿ ಎಂದರ್ಥ. ನಮ್ಮ ಕಾಲೇಜಿನ ಮ್ಯೂಸಿಯಮ್ಮಿನ ಮೂರನೆಯ ಕಪಾಟಿನಲ್ಲಿ ಅದರ ಚಿಪ್ಪು ಇತ್ತು, ಚೀಟಿ ಅಂಟಿಸಿದವಳು ನಾನೇ. ಈಗ ಪತ್ರಿಕೆಯ ಮೇಲೆ ಕೂತಿದ್ದ ಲೋಹದ ವಸ್ತು ತದ್ರೂಪು ಅದೇ ಆಕಾರದಲ್ಲಿತ್ತು: ಹೊರಗಿನಿಂದ ಸುರುಳಿ, ಒಳಗೆ ಬುಗುರಿ. ಇದನ್ನು ಉತ್ಸಾಹದಿಂದ ಮಾವನಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿ, ಆ ಹುಳಕ್ಕೆ ಆಯಿಲ್ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದರು.

ಬಿಚ್ಚುವ ಮೊದಲು ಅವರು ಒಂದು ಮಾತನ್ನು ಮೂರು ಸಲ ಹೇಳಿದ್ದರು. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗುವಂಥದು. ಚಕ್ರ, ಅದರ ನಟ್ಟು, ನಡುವಿನ ದಂಡ, ಈ ಮೂರೂ ಮೊದಲು ಹೇಗೆ ಕೂತಿದ್ದವೋ ಹಾಗೆಯೇ ಕೂಡಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ತೂಕ ತಪ್ಪಿ, ತಿರುಗುವಾಗ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಆದ್ದರಿಂದ ಮೂರಕ್ಕೂ ಒಂದೇ ಸಾಲಿನಲ್ಲಿ ಸೂಜಿಯಿಂದ ಗೀರಿ ಗುರುತು ಮಾಡಿಕೋ ಎಂದಿದ್ದರು. ಅಷ್ಟು ನುಣುಪಾದ ವಸ್ತುವನ್ನು ಗೀರಲು ನನಗೆ ಮನಸ್ಸು ಬರಲಿಲ್ಲ. ಮಾದರಿಗಳ ಬಾಟಲಿಯ ಮೇಲೆ ಹೆಸರು ಬರೆಯುವ ಕಪ್ಪು ಪೆನ್ನು ನನ್ನ ಹತ್ತಿರ ಇತ್ತು. ಫಾರ್ಮಾಲಿನ್ನಿನಲ್ಲಿ ವರ್ಷಗಟ್ಟಲೆ ಇದ್ದರೂ ಅದರ ಬರಹ ಅಳಿಸುವುದಿಲ್ಲ. ಅದರಿಂದಲೇ ಮೂರು ಅಂದವಾದ ಗೆರೆ ಎಳೆದೆ. ಬಿಚ್ಚಿದೆವು. ಮಾವ ಸ್ನಾನಕ್ಕೆ ಹೋದರು. ನಾನು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ಫಳಫಳ ಹೊಳೆಯುವಂತೆ ತಿಕ್ಕಿದೆ.

ಫಾರ್ಮಾಲಿನ್ನಿಗೆ ಜಗ್ಗದ ಶಾಯಿ ಸೀಮೆಎಣ್ಣೆಗೆ ಒಂದು ಕ್ಷಣದಲ್ಲಿ ಶರಣಾಗಿತ್ತು. ಚಕ್ರ ಒಂದು ಕೈಯಲ್ಲಿ, ದಂಡ ಒಂದು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೆರೆಯೂ ಉಳಿದಿರಲಿಲ್ಲ.

ಮಾವ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು, ಗುರುತು ನೆಟ್ಟಗಿವೆಯೇ ಎಂದು ಕೇಳಿದರು. ನಾನು ಹೂಂ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಸುಳ್ಳು ಹೇಳಿದ ವಿದ್ಯಾರ್ಥಿಗಳನ್ನು ಪ್ರಯೋಗಾಲಯದಿಂದ ಹೊರಗೆ ಕಳಿಸುತ್ತಿದ್ದವಳು ನಾನು. ಎರಡು ತಾಸು ಅಡಿಗೆಮನೆಯಲ್ಲಿ ರೊಟ್ಟಿ ಬಡಿದೆ. ಒಂದೂ ದುಂಡಗೆ ಬರಲಿಲ್ಲ. ಊಟಕ್ಕೆ ಕೂತಾಗ ಮಾವ ಬಹಳ ದಿನಗಳ ಮೇಲೆ ತಾವಾಗಿಯೇ ಮಾತು ತೆಗೆದರು. ಶೆಡ್ಡಿನ ಮೊದಲ ದಿನ, ಕಲಿಸಿದ ಹಿರಿಯ ಫಿಟ್ಟರು, ಹೀಗೆ ಏನೇನೋ. ಅವರು ಅಷ್ಟು ಸಂತೋಷದಲ್ಲಿ ಇದ್ದುದನ್ನು ನೋಡಿ ಎತ್ತಿದ ತುತ್ತನ್ನು ಕೆಳಗಿಟ್ಟೆ. ಗಂಗಾಳ ಸರಿಸಿ, ಗುರುತು ಅಳಿಸಿಹೋದದ್ದನ್ನೂ ನಾನು ಸುಳ್ಳು ಹೇಳಿದ್ದನ್ನೂ ಹೇಳಿಬಿಟ್ಟೆ.

ಮಾವ ಊಟ ಮುಗಿಸಿದರು. ಕೈ ತೊಳೆದರು. ಆಮೇಲೆ ಬಂದು ಕೂತು ಮಾತಾಡಿದರು.

“ಶೆಡ್ಡಿನ್ಯಾಗ ತಪ್ಪ ಮಾಡಿದಾಂವಗ ನಾ ಬೈತಿದ್ದಿಲ್ಲ. ಮುಚ್ಚಿಟ್ಟಾಂವನ್ನ ಬಿಡತಿದ್ದಿಲ್ಲ. ನೀ ಊಟದೊಳಗ ಹೇಳಿದಿ. ಹೋಗ್ಲಿ.”

ಅಳಿಸಿದ ಗುರುತಿಗೆ ಒಂದೇ ಮದ್ದು ಎಂದರು. ದಂಡ ಮತ್ತು ಚಕ್ರವನ್ನು ಯಂತ್ರದ ಮೇಲೆ ತಿರುಗಿಸಿ, ಯಾವ ಬದಿ ಭಾರವಿದೆ ನೋಡಿ, ಅಲ್ಲಿ ಚೂರು ಲೋಹ ಸವರಿ ತೂಕ ಕೂಡಿಸಬೇಕು. ಬೆಳಗಾವಿಯಲ್ಲಿ ಅಂಥ ಯಂತ್ರ ಇಟ್ಟುಕೊಂಡವರೊಬ್ಬರು ಇದ್ದಾರೆಂದು ಮಲ್ಲೇಶಿ ವಿಚಾರಿಸಿ ಹೇಳಿದ. ನಾನೊಬ್ಬಳೇ ಹೋಗಿಬರುತ್ತೇನೆ ಎಂದೆ. ನಾಲ್ಕು ವರ್ಷದಿಂದ ಓಣಿಯ ತುದಿಯವರೆಗೂ ಹೋಗದವರನ್ನು ಬಸ್ಸಿನಲ್ಲಿ ಬೆಳಗಾವಿಗೆ ಕರೆಯುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಅಲ್ಲಿಯವರು ಏನು ಕೇಳುತ್ತಾರೋ, ನೀನು ಏನು ಹೇಳುತ್ತೀಯೋ ಎಂದು ಗೊಣಗಿದರು. ಪಾಪ, ಬಸವನಹುಳುವಿನ ಕಥೆಯನ್ನು ಅಲ್ಲಿಯೂ ಹೇಳಿಯೇನೆಂಬ ಭಯವೂ ಇದ್ದಿರಬಹುದು. ಧಾರವಾಡ, ಕಿತ್ತೂರು ದಾಟಿ ಬೆಳಗಾವಿ ಮುಟ್ಟುವವರೆಗೂ ಅವರು ಟವೆಲಿನಲ್ಲಿ ಸುತ್ತಿದ ಆ ಚಕ್ರ, ದಂಡಗಳನ್ನು ಎರಡೂ ಕೈಗಳಿಂದ ತೊಡೆಯ ಮೇಲೆ ಹಿಡಿದು ಕೂತಿದ್ದರು. ಪಕ್ಕದ ಸೀಟಿನವರು ಅದನ್ನು ದೇವರ ಮೂರ್ತಿಯೆಂದು ತಿಳಿದು ತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು.

ಅಂಗಡಿಯ ಮಾಲೀಕರು ಸುತಾರ ಎಂಬ ಹಿರಿಯರು. ಮರಾಠಿ ಬೆರೆತ ಕನ್ನಡ, ಮೂಗಿನ ತುದಿಗೆ ಇಳಿದ ಕನ್ನಡಕ. ಗುರುತು ಹೇಗೆ ಅಳಿಸಿತು ಎಂದು ಅವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮಾವ, ತೊಳೆಯುವಾಗ ಹೋಯಿತು ಎಂದು ಹೇಳಿ ಮುಗಿಸಿದರು. ಯಾರು ತೊಳೆದರು ಎಂಬುದನ್ನು ಹೇಳಲಿಲ್ಲ. ಆಮೇಲೆ ಇಬ್ಬರೂ ಯಂತ್ರದ ಮುಂದೆ ನಿಂತು ನನಗೆ ಅರ್ಧ ಮಾತ್ರ ತಿಳಿಯುವ ಭಾಷೆಯಲ್ಲಿ ಮಾತಾಡತೊಡಗಿದರು. ಸುತಾರರು ಚಕ್ರ ತಿರುಗಿಸುತ್ತಿದ್ದರು, ಚುಕ್ಕೆ ಇಡುತ್ತಿದ್ದರು, ತುಸು ಸವರುತ್ತಿದ್ದರು, ಮತ್ತೆ ತಿರುಗಿಸುತ್ತಿದ್ದರು. ಮಾವ ಕಣ್ಣು ಕಿರಿದು ಮಾಡಿ ಸದ್ದು ಕೇಳುತ್ತ, ಇನ್ನೂ ಒಂದು ಕೈ ಎನ್ನುತ್ತಿದ್ದರು. ಎರಡು ಸಲ ಯಂತ್ರಕ್ಕಿಂತ ಮೊದಲೇ ಅವರಿಗೆ ಗೊತ್ತಾಯಿತು. ಸುತಾರರು ಕನ್ನಡಕ ಮೇಲಕ್ಕೇರಿಸಿ ಅವರನ್ನು ಸರಿಯಾಗಿ ನೋಡಿದ್ದು ಆಗಲೇ.

ಕೆಲಸ ಮುಗಿದ ಮೇಲೆ ಚಹಾ ತರಿಸಿದರು. ಕಪ್ಪು, ಬಸಿಗಳನ್ನು ಮೇಜಿನ ಮೇಲೆ ಜೋಡಿಸಿ ಕಿಟ್ಲಿಯಿಂದ ಸುರಿಯತೊಡಗಿದರು. ಅಂಗಡಿಯಲ್ಲಿ ಇನ್ನೂ ಮೂರು ಜನ ಇದ್ದರು. ಬಾಗಿಲು ಮುಂದೆ ಮಾಡಿಕೊಳ್ಳಲು ಅಲ್ಲಿ ಕೋಣೆ ಇರಲಿಲ್ಲ. ಮಾವನಿಗೆ ಚಹಾ ಒಗ್ಗುವುದಿಲ್ಲ ಎಂಬ ಸುಳ್ಳನ್ನು ನಾನು ನಾಲಿಗೆಯ ತುದಿಗೆ ತಂದುಕೊಂಡಿದ್ದೆ. ಆ ವಾರದ ಎರಡನೆಯ ಸುಳ್ಳು. ಅಷ್ಟರಲ್ಲಿ ಮಾವ ತಮ್ಮ ಕಪ್ಪಿನ ಮೇಲೆ ಅಂಗೈ ಅಡ್ಡ ಹಿಡಿದರು. ಆ ಕೈ ಎಲ್ಲರೂ ಕಾಣುವಂತೆ ನಡುಗುತ್ತಿತ್ತು.

“ನನ್ನ ಕೈ ನಡಗತಾವ್ರಿ,” ಎಂದರು. “ಅರ್ಧಾ ಕಪ್ ಹಾಕ್ರಿ.”

ನಾಲ್ಕು ವರ್ಷದಲ್ಲಿ ಅವರು ಆ ಮಾತನ್ನು ಯಾರೆದುರಿಗೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಸುತಾರರು ಅರ್ಧ ಕಪ್ಪು ಸುರಿದು ಕಿಟ್ಲಿಯನ್ನು ಮಾವನ ಕಡೆಗೆ ಸರಿಸಿ ಇಟ್ಟರು.

“ಹಂಗಾರ ಎರಡ ಸಲ ಕುಡೀರಿ,” ಎಂದರು.

ಅಷ್ಟೇ. ಮಾವ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಸ್ವಲ್ಪ ಧೋತರದ ಮೇಲೆ ಚೆಲ್ಲಿತು. ಅದನ್ನು ಕಾಣದವರಂತೆ ಯಾರೂ ಮುಖ ತಿರುಗಿಸಲಿಲ್ಲ, ಯಾರೂ ನೆಟ್ಟ ನೋಟದಿಂದ ನೋಡಲೂ ಇಲ್ಲ. ಮಾತು ರೈಲು ಎಂಜಿನ್ನುಗಳ ಕಡೆಗೆ ಹೋಯಿತು. ಎರಡನೆಯ ಅರ್ಧ ಕಪ್ಪನ್ನು ಅವರೇ ಕೇಳಿ ಹಾಕಿಸಿಕೊಂಡರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತ ಕಣ್ಣು ಒರೆಸಿಕೊಂಡೆ. ಆ ಕಪ್ಪು ಪೆನ್ನಿನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಯೇ ಇಳಿದುಹೋಯಿತು. ಗುರುತು ಅಳಿಸದೆ ಇದ್ದಿದ್ದರೆ ನಾವು ಬೆಳಗಾವಿಗೆ ಬರುತ್ತಲೇ ಇರಲಿಲ್ಲ.

ಕಿಟ್ಟು ಬಂದ ಮೇಲೆ ಕೂಡಿಸುವ ಕೆಲಸ ಎರಡು ದಿನ ಹಿಡಿಯಿತು. ಈ ಸಲ ಸೂಜಿಯಿಂದ ಗೀರಿಯೇ ಗುರುತು ಮಾಡಿದ್ದೆ. ಮಲ್ಲೇಶಿ ಅದನ್ನು ಎಂಜಿನ್ನಿಗೆ ಏರಿಸಿದ ಮೇಲೂ ಮಾವ ಚಾಲು ಮಾಡಲು ಬಿಡಲಿಲ್ಲ. ಡೀಸೆಲ್ ಬರುವುದನ್ನು ಬಂದ್ ಮಾಡಿಸಿ, ಬರೀ ಸೆಲ್ಫ್ ಹೊಡೆಸಿ, ಆಯಿಲ್ ಟರ್ಬೊದವರೆಗೆ ಏರಿದ್ದನ್ನು ಖಾತ್ರಿ ಮಾಡಿಕೊಂಡರು. ಒಣ ಗಂಟಲಲ್ಲಿ ಯಾರನ್ನೂ ಹಾಡಲು ಹಚ್ಚಬಾರದಂತೆ. ಆಮೇಲೆ ಎಂಜಿನ್ ಹತ್ತಿತು. ಮೊದಲು ಸ್ವಲ್ಪ ಹೊಗೆ, ಹಳೆಯ ಆಯಿಲ್ಲಿನದು. ನಿಧಾನವಾಗಿ ಅದು ತೆಳುವಾಗಿ, ಗಾಳಿಯಲ್ಲಿ ಕರಗಿಹೋಯಿತು. ನಾನು ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಗದ್ದಲದ ಮೇಲೆ ತೆಳ್ಳನೆಯ ಒಂದು ಸಿಳ್ಳು ಎದ್ದಿತು. ಎರಡು ವರ್ಷ ಅದು ನನ್ನ ಮುಂದೆಯೇ ಕೂಗುತ್ತಿತ್ತಂತೆ. ನಾನು ಫ್ಯಾನ್ ಬೆಲ್ಟು ಎಂದುಕೊಂಡಿದ್ದೆ.

ನವಲೂರಿನ ಏರಿಗೆ ಅವರನ್ನೂ ಕರೆದುಕೊಂಡು ಹೋದೆ. ಮೂರನೆಯ ಗೇರಿನಲ್ಲಿ ಕಾರು ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಮೇಲೇರಿತು. ಏರು ಮುಗಿದ ಮೇಲೆ ಮಾವ, ತಿರುಗಿಸಿಕೊಂಡು ಹೋಗಿ ಇನ್ನೊಮ್ಮೆ ಹತ್ತಿಸು ಎಂದರು. ಹತ್ತಿಸಿದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಸುಧಾರಣೆಯ ಯುಗ ಶುರುವಾಯಿತು. ಗುಜರಿಯಲ್ಲಿ ಸಿಕ್ಕ ಆಯಿಲ್ ಪ್ರೆಶರಿನ ಮೀಟರೊಂದನ್ನು ಮಾವ ಆರಿಸಿ ತಂದರು, ನಾನು ಅದನ್ನು ಸ್ಟೀರಿಂಗಿನ ಪಕ್ಕಕ್ಕೆ ಕೂಡಿಸಿದೆ. ಕಾರಿಗಿಂತ ಲಾರಿಗೆ ಒಪ್ಪುವಷ್ಟು ದೊಡ್ಡದು. ದೀಪಗಳಿಗೆ ಹೊಸ ವೈರು ಎಳೆದು ರಿಲೇ ಹಾಕಿದೆವು, ಬೆಳಕು ದುಪ್ಪಟ್ಟಾಯಿತು. ಬಿರುಕು ಬಿಟ್ಟ ರಬ್ಬರ್ ಪೈಪುಗಳೆಲ್ಲ ಬದಲಾದವು. ಗಾಡಿ ನಿಂತ ಮೇಲೆ ಒಂದು ನಿಮಿಷ ಎಂಜಿನ್ ಬಂದ್ ಮಾಡಕೂಡದು ಎಂಬ ಕಾನೂನೂ ಬಂತು. ಚಕ್ರ ಇನ್ನೂ ತಿರುಗುತ್ತಿರುವಾಗ ಆಯಿಲ್ ನಿಲ್ಲಿಸಬಾರದು. ಆ ಒಂದು ನಿಮಿಷದಲ್ಲಿ ಮಾವ ಶೆಡ್ಡಿನ ಒಂದು ಕಥೆ ಹೇಳುತ್ತಿದ್ದರು. ಕಥೆ ಮುಗಿಯದಿದ್ದರೆ ಎಂಜಿನ್ನೂ ನಿಲ್ಲುತ್ತಿರಲಿಲ್ಲ. ನಾವು ಮಾವ ಸೊಸೆ ಮನೆಯ ಮುಂದೆ ಬಂದರೂ ಇಳಿಯದೆ ಜಗಳವಾಡುತ್ತೇವೆಂದು ಎದುರುಮನೆಯವರಿಗೆ ಬಹಳ ದಿನ ಅನುಮಾನವಿತ್ತಂತೆ. ಸಂಜೆ ಅವರು ಕಟ್ಟೆಗೂ ಹೋಗತೊಡಗಿದರು. ಕೈ ಮೊದಲಿನಂತೆಯೇ ನಡುಗುತ್ತಿತ್ತು, ಡಾಕ್ಟರು ಹೇಳಿದ್ದೇನೂ ಸುಳ್ಳಾಗಲಿಲ್ಲ.

೨೦೦೬ರಲ್ಲಿ ಶಿವಾನಂದರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಬಂದವರಿಗೆ ಹೊಸ ಕಾರಿನ ಹುಕಿ ಹತ್ತಿತು. ಹಳೆಯದನ್ನು ನೋಡಲು ಕುಂದಗೋಳದಿಂದ ಮಾಸ್ತರರೊಬ್ಬರು ಬಂದರು. ಒಳ್ಳೆಯ ಮನುಷ್ಯ. ಸುತ್ತು ಹಾಕಿ ನೋಡಿ, ಇಷ್ಟವಾಯಿತೆಂದು ಹೇಳಿ, ಗಾಡಿಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕಡೆಯಲ್ಲಿ ಒಂದು ಮಾತು ಕೇಳಿದರು. ಕೇಳಬಾರದಿತ್ತು. ಮಾವ ಅವರನ್ನು ಕುರ್ಚಿ ಹಾಕಿ ಕೂಡಿಸಿದರು. ಎಡಗಡೆಯ ಬಾಗಿಲು ಮಳೆಗಾಲದಲ್ಲಿ ಯಾಕೆ ಬಿಗಿಯಾಗುತ್ತದೆ, ಎರಡನೆಯ ಗೇರು ಯಾವಾಗ ತಕರಾರು ಮಾಡುತ್ತದೆ, ರೇಡಿಯೇಟರಿನ ಯಾವ ಮೂಲೆಯಲ್ಲಿ ಬೆಸುಗೆ ಇದೆ, ಟರ್ಬೊದ ದಂಡ ಇನ್ನೆಷ್ಟು ಸವೆದರೆ ಏನಾಗುತ್ತದೆ ಎಂದು ಮುಕ್ಕಾಲು ತಾಸು ಬಿಡಿಸಿ ಬಿಡಿಸಿ ಹೇಳಿದರು. ಮಾಸ್ತರರು ಮನೆಯಲ್ಲಿ ಕೇಳಿ ತಿಳಿಸುತ್ತೇನೆ ಎಂದು ಕೈಮುಗಿದು ಹೋದರು. ಮತ್ತೆ ಬರಲಿಲ್ಲ.

ಮಾರುವ ವಸ್ತುವಿನ ಗುಣಗಾನ ಹೀಗೆ ಮಾಡುತ್ತಾರೆಯೇ ಎಂದು ಶಿವಾನಂದ ಅಪ್ಪನ ಮೇಲೆ ಸಿಟ್ಟಾದರು. ಮಾವ ಶಾಂತವಾಗಿ ಅವರನ್ನು ನೋಡಿದರು.

“ಇದರ ಹುಳುಕೆಲ್ಲಾ ನಮಗ ಗೊತ್ತೈತಿ. ಇದನ್ನ ಕೊಟ್ಟು, ಏನೂ ಗೊತ್ತಿಲ್ಲದ್ದನ್ನ ತರಾಂವ ಅದೀಯೇನ?”

ಶಿವಾನಂದ ಉತ್ತರ ಕೊಡಲು ಬಾಯಿ ತೆರೆದರು. ಎದುರಿಗೆ ಮದುವೆಯಾಗಿ ಹದಿನೇಳು ವರ್ಷವಾದ ಹೆಂಡತಿ ಕೈಕಟ್ಟಿಕೊಂಡು ನಿಂತಿದ್ದಳು. ಹಳೆಯದನ್ನು ಬದಲಿಸುವ ವಾದವನ್ನು ಅಲ್ಲಿ ಮುಂದುವರಿಸುವುದು ಜಾಣತನವಲ್ಲವೆಂದು ಅವರಿಗೆ ಹೊಳೆದಿರಬೇಕು. ಬಾಯಿ ಮುಚ್ಚಿ, ಬನಿಯನ್ನಿನ ತೋಳು ಮೇಲೇರಿಸಿಕೊಂಡು, ಆ ಎಡಗಡೆಯ ಬಾಗಿಲಿಗೆ ಸ್ವಲ್ಪ ಎಣ್ಣೆ ಬಿಟ್ಟರೆ ಹೇಗೆ ಎಂದು ಕೇಳಿದರು.